ತಾಯಿ, ಶಿಶು ಮತ್ತು ಒಂದೇ ತಕ್ಕಡಿ

ನುಡಿ ಮತ್ತು ನಡೆ ಒಂದಾಗಿರಬೇಕೆಂಬುದು ಶರಣಧರ್ಮದ ಮೊದಲ ಪಾಠವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ದೇವರನ್ನು ಎಲ್ಲಿ ಹುಡುಕಬೇಕೆಂಬುದನ್ನು ಹೇಳಿದಷ್ಟೇ ಒತ್ತಿ, ದೇವರ ಹೆಸರನ್ನು ಹೇಳುವವನು ಹೇಗೆ ಬಾಳಬೇಕೆಂಬುದನ್ನೂ ಹೇಳಿದರು. ಪೂಜೆಗೆ ಕುಳಿತ ಶಿಲಾಸರ್ಪಕ್ಕೆ ಒಂದು ಬಗೆ, ಹಿತ್ತಲಲ್ಲಿ ಹರಿದಾಡುವ ಸರ್ಪಕ್ಕೆ ಮತ್ತೊಂದು ಬಗೆ ನಡೆದುಕೊಳ್ಳುವ ಲೋಕದ ರೀತಿಯನ್ನು ಬಸವಣ್ಣನವರು ಎತ್ತಿ ತೋರಿಸಿದ್ದು ಸರ್ಪದ ಮೇಲಿನ ಮರುಕದಿಂದ ಮಾತ್ರವಲ್ಲ. ಭಕ್ತನೆನಿಸಿಕೊಂಡವನ ಕೈಯಲ್ಲಿ ಎರಡು ತಕ್ಕಡಿಗಳಿದ್ದುದನ್ನು ಕಂಡು. ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಇಟ್ಟುಕೊಂಡ ವರ್ತಕನ ವ್ಯಾಪಾರವು ಹೇಗೆ ಕಾಯಕವೆನಿಸದೋ, ಹಾಗೆಯೇ ಜೀವಕ್ಕೊಂದು ತೂಕವಿಡುವವನ ದಯೆಯು ದಯೆಯೆನಿಸದು.

ಇಂದು ಲೋಕದ ಅನೇಕ ದೇಶಗಳಲ್ಲಿ ಗರ್ಭಪಾತವನ್ನು ಕಾನೂನು ತಡೆಯಬೇಕೆ, ಬಿಡಬೇಕೆ ಎಂಬ ವಾದವು ಜೋರಾಗಿ ನಡೆದಿದೆ. ಅಮೆರಿಕದಲ್ಲಿ 1973ರಿಂದ ಸ್ತ್ರೀಯರಿಗಿದ್ದ ಹಕ್ಕನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2022ರ ಜೂನ್ 24ರಂದು ತೆಗೆದುಹಾಕಿ, ತೀರ್ಮಾನವನ್ನು ಆಯಾ ರಾಜ್ಯಗಳಿಗೆ ಒಪ್ಪಿಸಿತು. ಒಂದು ಪಕ್ಷದವರು ಗರ್ಭಸ್ಥ ಶಿಶುವಿನ ಹೆಸರಿನಲ್ಲಿ, ಇನ್ನೊಂದು ಪಕ್ಷದವರು ಸ್ತ್ರೀಯ ಸ್ವಾತಂತ್ರ್ಯದ ಹೆಸರಿನಲ್ಲಿ ಮಾತನಾಡುತ್ತಾರೆ. ಇದು ದೂರದೇಶದ ಜಗಳ, ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಭಕ್ತರಿಗೆ ಇದರಿಂದೇನು ಎಂದು ಯಾರಾದರೂ ಕೇಳಬಹುದು. ಆದರೆ ಈ ಜಗಳದ ಅತ್ಯಂತ ದುಃಖದ ಪುಟವೊಂದು ಈ ಸೀಮೆಯವರದೇ ಆಗಿದೆ.

ಬೆಳಗಾವಿಯಲ್ಲಿ ಬೆಳೆದು, ದಂತವೈದ್ಯಶಾಸ್ತ್ರವನ್ನು ಓದಿ, ಹಾವೇರಿಯ ಮನೆತನಕ್ಕೆ ಸೊಸೆಯಾಗಿ ಬಂದ ಸವಿತಾ ಹಾಲಪ್ಪನವರ ಎಂಬ ಲಿಂಗಾಯತ ಹೆಣ್ಣುಮಗಳು ಪತಿಯೊಡನೆ ಐರ್ಲೆಂಡ್ ದೇಶದಲ್ಲಿ ನೆಲೆಸಿದ್ದಳು. 2012ರ ಅಕ್ಟೋಬರ್ 21ರಂದು, ಹದಿನೇಳು ವಾರಗಳ ಬಸುರಿಯಾಗಿದ್ದ ಆಕೆ ನೋವಿನಿಂದ ಗಾಲ್ವೇ ನಗರದ ಆಸ್ಪತ್ರೆಗೆ ಸೇರಿದಳು. ಗರ್ಭವು ನಿಲ್ಲಲಾರದು, ಶಿಶುವು ಉಳಿಯಲಾರದು ಎಂಬುದು ಸ್ಪಷ್ಟವಾಯಿತು. ಗರ್ಭವನ್ನು ತೆಗೆಯಬೇಕೆಂದು ಆಕೆ ಕೇಳಿಕೊಂಡಳು. ಶಿಶುವಿನ ಹೃದಯವು ಇನ್ನೂ ಮಿಡಿಯುತ್ತಿರುವುದರಿಂದ ಅದು ಆಗದೆಂಬ ಉತ್ತರ ಬಂದಿತು. ಆ ಮಿಡಿತವು ನಿಲ್ಲುವುದನ್ನು ಕಾಯುತ್ತಿರುವಾಗಲೇ ತಾಯಿಯ ರಕ್ತಕ್ಕೆ ನಂಜು ಏರಿತು. ಅಕ್ಟೋಬರ್ 28ರಂದು, ಮೂವತ್ತೊಂದನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ಶಿಶುವೂ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ.

ಸತ್ಯವನ್ನು ಪೂರ್ಣವಾಗಿ ಹೇಳುವುದು ಶರಣಮಾರ್ಗವು. ಸವಿತಾಳ ಸಾವಿಗೆ ಕಾನೂನೊಂದೇ ಕಾರಣವಾಗಿರಲಿಲ್ಲ. ನಂಜಿನ ಲಕ್ಷಣಗಳನ್ನು ಕಾಲಕ್ಕೆ ಸರಿಯಾಗಿ ಗುರುತಿಸದ ಆರೈಕೆಯ ಲೋಪವೂ ಇದ್ದಿತೆಂದು 2013ರಲ್ಲಿ ಅಲ್ಲಿ ನಡೆದ ವಿಚಾರಣೆಗಳು ಹೇಳಿದವು. ಆದರೆ ಶಿಶುವಿನ ಹೃದಯ ನಿಲ್ಲುವುದನ್ನು ಕಾಯುವುದಕ್ಕೆ ಅತಿಯಾದ ಮಹತ್ವ ಕೊಡಲಾಯಿತೆಂಬುದೂ ಆ ವಿಚಾರಣೆಯಲ್ಲಿಯೇ ಕಂಡುಬಂದಿತು. 1983ರಲ್ಲಿ ಆ ದೇಶದ ಸಂವಿಧಾನಕ್ಕೆ ಸೇರಿಸಿದ ತಿದ್ದುಪಡಿಯು ಗರ್ಭಸ್ಥ ಶಿಶುವಿನ ಪ್ರಾಣಕ್ಕೂ ತಾಯಿಯ ಪ್ರಾಣಕ್ಕೂ ಸಮಾನ ಹಕ್ಕೆಂದು ಸಾರಿತ್ತು. ನುಡಿಯಲ್ಲಿ ಎರಡೂ ಸಮಾನ. ನಡೆಯಲ್ಲಿ ವೈದ್ಯನ ಕೈ ಕಾನೂನಿಗೆ ಹೆದರಿ ನಡುಗಿದಾಗ, ಮಾತನಾಡಬಲ್ಲ, ಬೇಡಿಕೊಳ್ಳಬಲ್ಲ ಜೀವವೇ ಹಗುರವಾಯಿತು. 2018ರ ಮೇ 25ರ ಜನಮತದಲ್ಲಿ ಆ ದೇಶದ ಜನರು, ಮತ ಹಾಕಿದವರಲ್ಲಿ ನೂರಕ್ಕೆ ಅರವತ್ತಾರಕ್ಕೂ ಹೆಚ್ಚು ಮಂದಿ, ಆ ತಿದ್ದುಪಡಿಯನ್ನು ತೆಗೆದುಹಾಕಿದರು. ಅವರ ಮೆರವಣಿಗೆಗಳ ಮುಂದೆ ಹೊತ್ತು ನಡೆದ ಚಿತ್ರವು ಹಾವೇರಿಯ ಸೊಸೆಯದಾಗಿತ್ತು.

ಹಾಗಾದರೆ ಗರ್ಭದಲ್ಲಿರುವ ಜೀವವು ಜೀವವಲ್ಲವೆ? ವೀರಶೈವನು ಹಾಗೆ ಹೇಳಲಾರನು. ಶಿಶುವು ಗರ್ಭದಲ್ಲಿರುವಾಗಲೇ, ಎಂಟನೆಯ ತಿಂಗಳಲ್ಲಿ, ಗುರುವು ಅದಕ್ಕೆ ಲಿಂಗವನ್ನು ಅನುಗ್ರಹಿಸುವ ಪದ್ಧತಿಯು ಈ ಧರ್ಮದಲ್ಲಿ ನಡೆದುಬಂದಿದೆ. ಹುಟ್ಟುವ ಮೊದಲೇ ಶಿವನ ಗುರುತನ್ನು ಪಡೆಯುವ ಜೀವವನ್ನು ಕಸವೆಂದು ಯಾರು ಎಣಿಸಿಯಾರು? ಗರ್ಭವೊಂದು ಕಳೆದುಹೋದಾಗ ಮನೆಯಲ್ಲಿ ದುಃಖವು ನೆಲೆಸುವುದು ಸಹಜವು, ಸಾಧುವೂ ಅಹುದು.

ಆದರೆ ಈ ಸಂಸ್ಕಾರವನ್ನು ಕಣ್ಣಿಟ್ಟು ನೋಡಿದವನಿಗೆ ಎರಡು ಸಂಗತಿಗಳು ಕಾಣುತ್ತವೆ. ಶಿಶುವಿಗಾಗಿ ಬಂದ ಆ ಲಿಂಗವನ್ನು ಧರಿಸುವವಳು ತಾಯಿಯೇ. ತಾಯಿಯ ದೇಹವನ್ನು ಬಿಟ್ಟು ಶಿಶುವನ್ನು ಮುಟ್ಟುವ ದಾರಿ ಗುರುವಿಗೂ ಇಲ್ಲ. ಇದು ಮೊದಲನೆಯದು. ಶಿಶುವು ಗಂಡೋ ಹೆಣ್ಣೋ ಎಂದು ಗುರುವು ಕೇಳುವುದಿಲ್ಲ; ಎರಡಕ್ಕೂ ಲಿಂಗವು ಒಂದೇ. ಇದು ಎರಡನೆಯದು. ಗರ್ಭದ ಜೀವವನ್ನು ಗೌರವಿಸುತ್ತೇನೆಂದು ಹೇಳುವವನನ್ನು ಪರೀಕ್ಷಿಸಲು ಈ ಎರಡು ಒರೆಗಲ್ಲುಗಳೇ ಸಾಕು.

ಸವಣೂರಿನ ಎಲೆತೋಟದ ಒಕ್ಕಲಿಗನು ಮೊದಲನೆಯ ಒರೆಗಲ್ಲನ್ನು ಚೆನ್ನಾಗಿ ಬಲ್ಲನು. ಹೆಸರುವಾಸಿಯಾದ ಸವಣೂರಿನ ಎಲೆಯು ಬಳ್ಳಿಯ ಮೈಯಿಂದ ಚಿಗುರಬೇಕು. ಕುಡಿಯ ಮೇಲಿನ ಮೋಹಕ್ಕಾಗಿ ಬಳ್ಳಿಯ ಬೇರಿಗೆ ನೀರು ತಪ್ಪಿಸುವ ತೋಟಗಾರನು ಎಲ್ಲಿಯೂ ಇಲ್ಲ. ತಾಯಿಯ ಪ್ರಾಣಕ್ಕೆ ಕುತ್ತು ಬಂದ ಗಳಿಗೆಯಲ್ಲಿ ಆಕೆಯನ್ನು ಉಳಿಸುವುದು ಶಿಶುವಿನ ಮೇಲಿನ ದ್ರೋಹವಲ್ಲ. ಆ ಗಳಿಗೆಯಲ್ಲಿ ಆಕೆಯನ್ನು ಕೈಬಿಡುವುದೇ ಇಬ್ಬರ ಮೇಲಿನ ದ್ರೋಹವು.

ಭಾರತದ ಕಾನೂನು ಈ ಮಾತನ್ನು ಐವತ್ತು ವರ್ಷಗಳ ಹಿಂದೆಯೇ ಒಪ್ಪಿಕೊಂಡಿತು. ಬ್ರಿಟಿಷರ ಆಳಿಕೆಯಲ್ಲಿ 1860ರಲ್ಲಿ ಬಂದ ದಂಡಸಂಹಿತೆಯು ತಾಯಿಯ ಪ್ರಾಣವನ್ನುಳಿಸುವ ಸಂದರ್ಭವೊಂದನ್ನು ಬಿಟ್ಟು, ಗರ್ಭಪಾತ ಮಾಡಿಸಿದವನನ್ನೂ ಮಾಡಿಸಿಕೊಂಡ ಸ್ತ್ರೀಯನ್ನೂ ಅಪರಾಧಿಯೆಂದಿತ್ತು. ಬಡ ಹೆಂಗಸರು ಗುಟ್ಟಾಗಿ ಕಡ್ಡಿ, ಬೇರು, ಕಷಾಯಗಳಿಗೆ ಶರಣಾಗಿ ಪ್ರಾಣ ಕಳೆದುಕೊಳ್ಳುತ್ತಿದ್ದುದನ್ನು ಕಂಡು, ಶಾಂತಿಲಾಲ ಶಾಹರ ಅಧ್ಯಕ್ಷತೆಯಲ್ಲಿ 1964ರಲ್ಲಿ ಒಂದು ಸಮಿತಿಯನ್ನು ನೇಮಿಸಲಾಯಿತು. ಅದರ ವರದಿಯ ಮೇಲೆ 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯು ಬಂದಿತು. 2021ರ ತಿದ್ದುಪಡಿಯಂತೆ, ಕಾಯಿದೆಯು ಹೇಳಿದ ಕಾರಣಗಳಿದ್ದರೆ ಇಪ್ಪತ್ತು ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಸ್ತ್ರೀಯರಿಗೆ ಇಪ್ಪತ್ತನಾಲ್ಕು ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ತಾಯಿಯ ಪ್ರಾಣ ಉಳಿಸಲು ತತ್‌ಕ್ಷಣವೇ ಮಾಡಬೇಕಾದಾಗ ವಾರಗಳ ಲೆಕ್ಕವೇ ಇಲ್ಲ. ಪ್ರಾಪ್ತವಯಸ್ಕಳಾದ ಸ್ತ್ರೀಯ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿಯನ್ನು ಕಾಯಿದೆಯು ಕೇಳುವುದಿಲ್ಲ. ಈ ಸಂಗತಿಯು ಹಿರೇಕೆರೂರಿನ ಹಳ್ಳಿಯ ತಾಯಂದಿರಿಗೂ ತಿಳಿದಿರತಕ್ಕದ್ದು.

ಇನ್ನು ಎರಡನೆಯ ಒರೆಗಲ್ಲು. ಇಲ್ಲಿ ನಮ್ಮ ನಾಡೇ ತಲೆತಗ್ಗಿಸಬೇಕಾಗಿದೆ. ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ 945 ಹೆಣ್ಣುಮಕ್ಕಳಿದ್ದರೆ, 2001ರಲ್ಲಿ 927ಕ್ಕೆ ಇಳಿಯಿತು. ಕರ್ನಾಟಕದಲ್ಲಿ 960 ಇದ್ದದ್ದು 946ಕ್ಕೆ ಬಂದಿತು. ಗರ್ಭದಲ್ಲಿಯೇ ಗಂಡು ಹೆಣ್ಣು ನೋಡುವುದನ್ನು 1994ರ ಕಾಯಿದೆಯು ನಿಷೇಧಿಸಿದ್ದರೂ, 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆಮಾಡುತ್ತಿದ್ದ ಜಾಲವು ಬಯಲಿಗೆ ಬಂದಿತು. ಬೆಲ್ಲ ಕಾಯಿಸುವ ಮನೆಯಲ್ಲಿ ಮಗಳ ಬಾಳಿಗೆ ವಿಷವಿಕ್ಕುವ ಕೆಲಸ!

ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಜೇಡರ ದಾಸಿಮಯ್ಯನವರು ಸಾರಿ ಎಂಟುನೂರು ವರ್ಷಗಳ ಮೇಲಾಯಿತು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಮೂರನೆಯ ಬಸುರಿನಲ್ಲಿ ಸೊಸೆಯನ್ನು ದೂರದ ಊರಿಗೆ ಕರೆದೊಯ್ದು ‘ತೋರಿಸಿಕೊಂಡು’ ಬರುವ ಹಿರಿಯರು, ಅದೇ ವಾರ ಪುರಾಣಪ್ರವಚನದಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಅಕ್ಕಮಹಾದೇವಿಯ ಕಥೆಗೆ ಕಣ್ಣೀರು ಹಾಕುವುದುಂಟು. ಶಿಲಾಸರ್ಪಕ್ಕೂ ಹಿತ್ತಲ ಸರ್ಪಕ್ಕೂ ಬೇರೆ ಬೇರೆ ನಡತೆಯೆಂದರೆ ಇದೇ ಅಲ್ಲವೆ? ಅಲ್ಲಿ ಹೋದ ಗರ್ಭವು ತಾಯಿಯ ಇಚ್ಛೆಯಿಂದ ಹೋದದ್ದೂ ಅಲ್ಲ, ಆಕೆಯ ಪ್ರಾಣಕ್ಕಾಗಿ ಹೋದದ್ದೂ ಅಲ್ಲ. ಸ್ತ್ರೀಸ್ವಾತಂತ್ರ್ಯವನ್ನು ಹೇಳುವವರು ಈ ಬಲವಂತವನ್ನು ಕಂಡು ಸುಮ್ಮನಿದ್ದರೆ ಅವರ ತಕ್ಕಡಿಯೂ ಸೊಟ್ಟ. ಶಿಶುರಕ್ಷಣೆಯನ್ನು ಹೇಳುವವರು ಸುಮ್ಮನಿದ್ದರೆ ಅವರದೂ ಸೊಟ್ಟ.

ಇದೇ ರೀತಿ ಇನ್ನೊಂದು ಮನೆಯನ್ನು ಎಣಿಸಬಹುದು. ಗರ್ಭಪಾತವು ಮಹಾಪಾಪವೆಂದು ಕಟ್ಟೆಯ ಮೇಲೆ ಕುಳಿತು ಹೇಳುವ ಯಜಮಾನನ ಮಗಳು ಮದುವೆಗೆ ಮೊದಲೇ ಬಸುರಿಯಾದಳೆಂದು ತಿಳಿದರೆ, ಮಾನಕ್ಕಂಜಿ ರಾತ್ರೋರಾತ್ರಿ ಆಕೆಯನ್ನು ಅರಿಯದವರ ಕೈಗೆ ಒಪ್ಪಿಸುವವನೂ ಅವನೇ. ಊರಿನ ಬಡವನ ಮಗಳಿಗೆ ಅದೇ ಗತಿ ಬಂದಾಗ ಪಂಚರಲ್ಲಿ ಕುಳಿತು ಬಹಿಷ್ಕಾರ ಹಾಕುವವನೂ ಅವನೇ. ಅವಿವಾಹಿತೆಯರಿಗೂ ಕಾಯಿದೆಯ ಆಸರೆಯುಂಟೆಂದು 2022ರ ಸೆಪ್ಟೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ನ್ಯಾಯಾಲಯಕ್ಕೆ ಕಂಡ ಆ ಹೆಣ್ಣುಮಗಳ ಕಷ್ಟವು ಹೆತ್ತ ತಂದೆಗೆ ಕಾಣದಿದ್ದರೆ, ಅವನ ಕೊರಳಲ್ಲಿರುವ ಇಷ್ಟಲಿಂಗವು ಏನೆಂದುಕೊಂಡೀತು?

ಹಿರೇಕೆರೂರು ಸೀಮೆಯ ಅಬಲೂರು ಈ ವಿಷಯದಲ್ಲಿ ಲೋಕಕ್ಕೇ ಒಂದು ಪಾಠವನ್ನು ಹೇಳಬಲ್ಲುದು. ಏಕಾಂತದ ರಾಮಯ್ಯನವರು ತಮ್ಮ ನಂಬುಗೆಯ ಮಾತಿಗೆ ತಲೆಯನ್ನೇ ಪಣವಾಗಿಟ್ಟರೆಂದೂ, ಶಿವಕೃಪೆಯಿಂದ ಅದನ್ನು ಮರಳಿ ಪಡೆದರೆಂದೂ ಅಲ್ಲಿಯ ಶಾಸನವು ಹೇಳುತ್ತದೆ. ಅಲ್ಲಿ ನೆನಪಿಡಬೇಕಾದ ಅಂಶವೊಂದುಂಟು: ಅವರು ಪಣವಾಗಿಟ್ಟದ್ದು ತಮ್ಮ ತಲೆಯನ್ನು, ಬೇರೊಬ್ಬರ ತಲೆಯನ್ನಲ್ಲ. ತನ್ನ ತತ್ತ್ವಕ್ಕಾಗಿ ತಾನು ನೋಯುವವನು ಶರಣನು. ತನ್ನ ತತ್ತ್ವಕ್ಕಾಗಿ ಪರರ ಮಗಳು ಸಾಯಲಿ ಎನ್ನುವವನು ಯಾರು? ಗರ್ಭವನ್ನು ಹೊರದ ಗಂಡಸರು ಸಭೆಗಳಲ್ಲಿ ಕುಳಿತು ಕಠಿನ ನಿಯಮಗಳನ್ನು ಮಾಡುವಾಗ, ಪಣಕ್ಕಿಟ್ಟ ತಲೆ ಯಾರದೆಂದು ಒಮ್ಮೆ ಕೇಳಿಕೊಳ್ಳತಕ್ಕದ್ದು.

ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರೂ ರಾಮಧಾನ್ಯಚರಿತೆಯಲ್ಲಿ ಒಂದು ವಾದದ ಕಥೆಯನ್ನು ಹೇಳಿದ್ದಾರೆ. ಭತ್ತವೂ ರಾಗಿಯೂ ಸಭೆಯಲ್ಲಿ ತಾನು ಹೆಚ್ಚು ತಾನು ಹೆಚ್ಚೆಂದು ಕಚ್ಚಾಡಿದಾಗ, ಶ್ರೀರಾಮನು ಮಾತಿನ ಜೋರನ್ನು ನೋಡಿ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದನು. ತಾಳಿದ್ದು ರಾಗಿ. ಗರ್ಭಪಾತದ ವಾದದಲ್ಲಿಯೂ ತೀರ್ಪು ಸಭೆಯಲ್ಲಿ ಆಗುವಂಥದಲ್ಲ. ಶಿಶುವು ಹುಟ್ಟಲಿ ಎಂದು ಕೂಗಿದವನು ಅದು ಹುಟ್ಟಿದ ಆರು ತಿಂಗಳ ಮೇಲೆ ಎಲ್ಲಿದ್ದಾನೆ? ಹಾಲಿಲ್ಲದ ಮನೆಗೆ ಹಾಲು ಕಳಿಸಿದನೆ? ಅಂಗವಿಕಲ ಕೂಸನ್ನು ಎತ್ತಿಕೊಂಡು ಊರೂರು ಅಲೆಯುವ ತಾಯಿಯ ಜೊತೆಗೆ ಒಂದು ಹೆಜ್ಜೆ ಇಟ್ಟನೆ?

ಈ ಪರೀಕ್ಷೆಯಲ್ಲಿ ಗೆದ್ದವರು ಹಾನಗಲ್ಲಿನಲ್ಲಿಯೇ ಇದ್ದರು. ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಸ್ವಾಮಿಗಳು (1867–1930) ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದವರೆಂದು ನಾಡು ಅವರನ್ನು ಸ್ಮರಿಸುತ್ತದೆ. ಅದರ ಜೊತೆಗೆ ಇನ್ನೊಂದನ್ನೂ ಸ್ಮರಿಸಬೇಕು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಕುರುಡನಾಗಿ ಬಂದ ಬಡ ಮಗುವೊಂದನ್ನು ಅವರು ಮಡಿಲಿಗೆ ತೆಗೆದುಕೊಂಡು ಸಂಗೀತವನ್ನು ಕಲಿಸಿದರು. ಆ ಮಗುವೇ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಅವರು ತಾವು ಪಡೆದ ಆಸರೆಯನ್ನು ಅದೇ ತಾಲೂಕಿನ ಇನ್ನೊಬ್ಬ ಅಂಧ ಬಾಲಕನಿಗೆ ಕೊಟ್ಟರು; ಅವರೇ ಪುಟ್ಟರಾಜ ಗವಾಯಿಗಳು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಅನಾಥ ಮಕ್ಕಳು ಅಂದಿನಿಂದ ಉಂಡು, ಓದಿ, ಹಾಡಿ ಬೆಳೆದರು. ಜೀವವು ಪವಿತ್ರವೆಂದು ಕುಮಾರ ಸ್ವಾಮಿಗಳು ಕಾನೂನು ಮಾಡಿಸಲಿಲ್ಲ. ಹುಟ್ಟಿದ ಜೀವಕ್ಕೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಯಾವ ತಾಯಿಗೂ ಭಯವನ್ನು ಹುಟ್ಟಿಸದೆ, ತಾಯಂದಿರ ಭಯವನ್ನು ಕಳೆದರು.

ಆದುದರಿಂದ ಸದ್ಭಕ್ತರಾದವರು ಈ ವಾದದಲ್ಲಿ ಯಾವ ಪಕ್ಷವೆಂದು ಕೇಳುವ ಮೊದಲು ತಮ್ಮ ಮನೆಯ ತಕ್ಕಡಿಯನ್ನು ನೋಡಿಕೊಳ್ಳತಕ್ಕದ್ದು. ಬಸುರಿ ಸೊಸೆಗೆ ಜ್ವರ ಬಂದು ಮೈ ನಡುಗಿದರೆ, ನೀರು ಹೋದರೆ, ರಕ್ತ ಕಂಡರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯುವುದು ದಾಸೋಹಕ್ಕಿಂತ ಕಡಿಮೆಯ ಪುಣ್ಯವಲ್ಲ. ಗರ್ಭದ ಗುಟ್ಟನ್ನು ಯಂತ್ರದಿಂದ ಕೇಳದಿರುವುದು ಶೀಲವು. ಎಡವಿದ ಮಗಳನ್ನು ಮನೆಯೊಳಗೆ ಕರೆದು, ಆಕೆಯ ಮಾತನ್ನು ಕೇಳಿ, ಬಲ್ಲ ವೈದ್ಯರ ಬಳಿಗೆ ಹಗಲಿನಲ್ಲಿಯೇ ಕರೆದೊಯ್ಯುವುದು ಆಚಾರವು. ಹುಟ್ಟಿದ ಕೂಸು ಯಾರಿಗೂ ಬೇಡವಾದರೆ ಮಠದ ಬಾಗಿಲು ತೆರೆದಿರಬೇಕಾದುದು ಹಾನಗಲ್ಲ ಪರಂಪರೆಯು. ಇಷ್ಟನ್ನೂ ಮಾಡಿದ ಕೈಗೆ ಮಾತ್ರ ಇನ್ನೊಬ್ಬ ತಾಯಿಯ ಕಷ್ಟವನ್ನು ತೂಗುವ ಯೋಗ್ಯತೆ ಬರುತ್ತದೆ. ಆ ಯೋಗ್ಯತೆ ಬಂದ ಮೇಲೆ ಕೈ ತೂಗುವುದನ್ನು ಬಿಟ್ಟು ಆಸರೆ ಕೊಡಲು ಚಾಚುತ್ತದೆ.

ಹಾವೇರಿಯ ಸೊಸೆಯೊಬ್ಬಳು ದೂರದೇಶದ ಹಾಸಿಗೆಯ ಮೇಲೆ ಬೇಡಿಕೊಂಡದ್ದು ಇಷ್ಟನ್ನೇ. ಆ ಬೇಡಿಕೆಯು ನಾಳೆ ಹಾನಗಲ್ಲಿನ, ಶಿಗ್ಗಾಂವಿಯ, ಸವಣೂರಿನ, ಹಿರೇಕೆರೂರಿನ ಯಾವುದಾದರೊಂದು ಮನೆಯ ನಡುಮನೆಯಿಂದ ಕೇಳಿಬಂದಾಗ, ಭಕ್ತನ ಕಿವಿ ತೆರೆದಿರಲಿ. ಅವನ ಕೈಯಲ್ಲಿ ತಕ್ಕಡಿ ಒಂದೇ ಇರಲಿ.