ನಿನ್ನ ಬಲ ಎಲ್ಲಿಂದ ಬಂತು?

ವಾಕ್ಯಭಾಗ: 2 ತಿಮೊಥೆಯ 2:5

 

ಅಶ್ವಿನಿ ಅಕ್ಕುಂಜಿ ಹೆಸರು ಕೇಳಿದ್ದೀರಾ? ಉಡುಪಿ ಜಿಲ್ಲೆಯ ಓಟಗಾರ್ತಿ. 2010ರ ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್, 4×400 ರಿಲೇ, ಎರಡರಲ್ಲೂ ಚಿನ್ನ! ಪೇಪರ್‌ನಿಂದ ಫೋಟೋ ಕತ್ತರಿಸಿ ನನ್ನ ಬೀರುಗೆ ಅಂಟಿಸಿದ್ದೆ. 2011ರಲ್ಲಿ ಸ್ಟೆರಾಯ್ಡ್ ಟೆಸ್ಟ್ ಪಾಸಿಟಿವ್ ಬಂತು. ಕೋಚ್ ತಂದುಕೊಟ್ಟ ಜಿನ್‌ಸೆಂಗ್‌ನಲ್ಲಿ ಅದು ಸೇರಿತ್ತು, ನಮಗೆ ಗೊತ್ತಿರಲಿಲ್ಲ ಅಂತ ಓಟಗಾರ್ತಿಯರು ಹೇಳಿದರು. ನಿಷೇಧ ತಪ್ಪಲಿಲ್ಲ. ಮೊದಲು ಒಂದು ವರ್ಷ, 2012ರಲ್ಲಿ ಅದು ಎರಡು ವರ್ಷ ಆಯ್ತು. ನಾನಂತೂ ಸುದ್ದಿ ಬಂದ ದಿನವೇ "ಮೋಸ!" ಅಂತ ಫೋಟೋ ಹರಿದು ಹಾಕಿದೆ.

ಪ್ರಿಯರೇ, ಅದೇ ವಾರ ನಾನೊಂದು ಪ್ರಸಂಗ ಮಾಡಿದೆ. ಬೇರೆ ಸೇವಕರ ಸಂದೇಶವನ್ನು ಇಂಟರ್‌ನೆಟ್‌ನಲ್ಲಿ ಕೇಳಿ, ಮೊಣಕಾಲೂರದೆ, "ಕರ್ತನು ನನಗೆ ಕೊಟ್ಟ ಮಾತು" ಅಂದೆ. ಜನ ಆಮೆನ್ ಅಂದ್ರು, ನಂಗೆ ಖುಷಿ ಆಯ್ತು. ಆ ರಾತ್ರಿ ಪವಿತ್ರಾತ್ಮ ದೇವರು ಕೇಳಿದರು: ಮಗನೇ, ಇವತ್ತು ಓಡಿದ್ದು ಯಾರ ಬಲದಲ್ಲಿ?

ಆಕೆ ಗೊತ್ತಿರಲಿಲ್ಲ ಅಂದಳು. ನನಗೆ ಗೊತ್ತಿತ್ತು.

ನಿಯಮ ಬಿಟ್ಟು ಓಡಿದವನಿಗೆ ಕಿರೀಟ ಇಲ್ಲ ಅಂತಾನೆ ಪೌಲ. ನಿನ್ನ ಡೋಸ್ ಯಾವುದು? ಕಾಪಿ ಹೊಡೆದ ಪ್ರಾಜೆಕ್ಟಾ? ರೆಸ್ಯೂಮೆಯಲ್ಲಿ ಬರೆದ ಇಲ್ಲದ ಅನುಭವವಾ? ಪ್ರಾರ್ಥನೆಯೇ ಮಾಡದೆ ಹಾಕೋ ವಾಟ್ಸಾಪ್ ಸ್ಟೇಟಸ್ಸಾ?

ಲ್ಯಾಬ್ ತಪ್ಪನ್ನು ತೋರಿಸುತ್ತೆ, ತೊಳೆಯೋದಿಲ್ಲ. ಯೇಸುವಿನ ರಕ್ತ ತೊಳೆಯುತ್ತೆ. ಹಲ್ಲೆಲೂಯ!

ಬಿದ್ದವರ ಫೋಟೋ ಹರಿಯಬೇಡಿ, ಅವರಿಗಾಗಿ ಪ್ರಾರ್ಥಿಸಿ. ಈಗ ಕಣ್ಣು ಮುಚ್ಚಿ, ನಿಮ್ಮದನ್ನು ನೀವೇ ಆತನ ಮುಂದೆ ಒಪ್ಪಿಕೊಳ್ಳಿ. ಆಮೆನ್.