ಮೂರು ಕಾಲಿನ ಬೆಕ್ಕಿನ ಹಕ್ಕು

ರಿಕ್ಷಾದ ಚಕ್ರಕ್ಕೆ ಸಿಕ್ಕಿದ ಬೆಕ್ಕಿನ ಮರಿಯೊಂದನ್ನು ನಿಮ್ಮ ಮಕ್ಕಳು ಮನೆಗೆ ಎತ್ತಿ ತಂದರೆಂದು ಭಾವಿಸಿರಿ. ಜಜ್ಜಿಹೋದ ಹಿಂಗಾಲನ್ನು ಪಶುವೈದ್ಯರು ಶಸ್ತ್ರಕ್ರಿಯೆ ಮಾಡಿ ತೆಗೆದಿದ್ದಾರೆ. ಮೂರು ಕಾಲಿನ ಆ ಜೀವ ಈಗ ನಿಮ್ಮ ಮನೆಯ ಮೂಲೆಯಲ್ಲಿದೆ. ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: “ಇದರಿಂದೇನು ಪ್ರಯೋಜನ? ಈ ಹಣದಲ್ಲಿ ಒಬ್ಬ ಬಡವನಿಗೆ ಊಟ ಹಾಕಬಹುದಿತ್ತಲ್ಲವೇ?”

ಪ್ರಶ್ನೆ ನ್ಯಾಯವಾದುದೇ. ಝಕಾತ್‌ನ ಹಣವನ್ನು ಬೆಕ್ಕಿಗೆ ಬಳಸುವಂತಿಲ್ಲ. ಅದರ ಹಕ್ಕುದಾರರಾದ 8 ವಿಭಾಗಗಳನ್ನು ಪವಿತ್ರ ಕುರ್‌ಆನ್ (9:60) ನಿಗದಿಪಡಿಸಿದೆ. ಮನೆಮಂದಿಯನ್ನು ಹಸಿವಿನಲ್ಲಿಟ್ಟು ಬೆಕ್ಕನ್ನು ಸಾಕುವುದೂ ಧರ್ಮವಲ್ಲ. ಆದರೆ ನಮ್ಮ ಎದೆ ಮುಟ್ಟಿ ಕೇಳಿಕೊಳ್ಳೋಣ: ಮದುವೆಯ ಆಡಂಬರಕ್ಕೂ ಹೊಸ ಮೊಬೈಲಿಗೂ ಖರ್ಚು ಮಾಡುವಾಗ ನೆನಪಾಗದ ಬಡವ, ಬೆಕ್ಕಿನ ಔಷಧಿ ಚೀಟಿ ಕಂಡಾಗ ಮಾತ್ರ ನೆನಪಾಗುವುದೇಕೆ?

ಬೆಕ್ಕಿನ ಕಾರಣದಿಂದ ಶಿಕ್ಷೆಗೊಳಗಾದ ಸ್ತ್ರೀಯ ಕುರಿತು ಪ್ರವಾದಿವರ್ಯರು(ಸ) ತಿಳಿಸಿರುವುದನ್ನು ನೀವು ಓದಿರಬಹುದು. ಆಕೆ ಅದನ್ನು ಹೊಡೆದು ಕೊಂದವಳಲ್ಲ. ಕೂಡಿಹಾಕಿದಳು, ತಿನ್ನಲು ಕೊಡಲಿಲ್ಲ, ತಾನಾಗಿ ಹುಡುಕಿ ತಿನ್ನಲು ಬಿಡಲೂ ಇಲ್ಲ (ಬುಖಾರಿ, ಮುಸ್ಲಿಂ). ಶಸ್ತ್ರಕ್ರಿಯೆಯಾದ ಬೆಕ್ಕನ್ನು ನಾವೂ ಕೂಡಿಹಾಕಲೇಬೇಕಾಗುತ್ತದೆ. ಹೊಲಿಗೆ ಬಿಚ್ಚುವ ತನಕ, ಸಾಮಾನ್ಯವಾಗಿ 10ರಿಂದ 14 ದಿನ, ಅದು ಜಿಗಿಯಬಾರದು, ಹೊರಗೆ ಹೋಗಬಾರದು. ಅಂದರೆ ಆ ದಿನಗಳಲ್ಲಿ ಅದರ ಅನ್ನ, ನೀರು, ಶುಚಿತ್ವ ಎಲ್ಲವೂ ನಮ್ಮ ಕೈಯಲ್ಲಿದೆ. ಬೀಗ ನಮ್ಮದಾದಾಗ ಹೊಣೆಯೂ ನಮ್ಮದೇ.

ಈ ಹೊಣೆ ಕೇವಲ ಕನಿಕರದಿಂದ ತೀರುವುದಿಲ್ಲ. ಗಾಯ ನೆಕ್ಕದಂತೆ ವೈದ್ಯರು ಕುತ್ತಿಗೆಗೆ ಕಟ್ಟಿದ ಪಟ್ಟಿಯನ್ನು, ಅದು ಕೂಗಿತೆಂದು ಬಿಚ್ಚಿಬಿಡಬಾರದು. ಮಣ್ಣಿನ ಬದಲು ಹರಿದ ಕಾಗದ ಹಾಸಿದರೆ ಗಾಯಕ್ಕೆ ಧೂಳು ತಾಗದು. ಬಾವು, ಕೀವು ಕಂಡರೆ ಅಥವಾ ಇಡೀ ದಿನ ಏನನ್ನೂ ತಿನ್ನದಿದ್ದರೆ ವೈದ್ಯರಿಗೆ ತಿಳಿಸಬೇಕು. ನೋವೆಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆಯನ್ನು ಎಂದಿಗೂ ಕೊಡಬಾರದು. ಬೆಕ್ಕಿಗೆ ಅದು ವಿಷ. ಅರಿವಿಲ್ಲದ ಕರುಣೆಯೂ ಪ್ರಾಣ ತೆಗೆಯಬಲ್ಲದು.

ಇನ್ನು ಪ್ರಯೋಜನದ ಮಾತು. ಕ್ರಿ.ಶ. 1262ರಲ್ಲಿ ನಿಧನರಾದ ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಇಬ್ನು ಅಬ್ದುಸ್ಸಲಾಮ್(ರ)ರವರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಎಣಿಸುವಾಗ, ಸಾಕಿದ ಪ್ರಾಣಿ ಅಂಗವಿಕಲವಾಗಿ ಅಥವಾ ರೋಗಕ್ಕೆ ತುತ್ತಾಗಿ ಯಾವ ಉಪಯೋಗಕ್ಕೂ ಬಾರದಿದ್ದರೂ ಅದರ ಪೋಷಣೆ ಕಡ್ಡಾಯವೆಂದು ಬರೆದಿದ್ದಾರೆ. ದುಡಿಮೆ ನಿಂತೊಡನೆ ಹಕ್ಕು ನಿಲ್ಲುವುದಿಲ್ಲ.

ಪ್ರಿಯ ಓದುಗರೇ, “ಇದರಿಂದೇನು ಪ್ರಯೋಜನ?” ಎಂಬ ಮಾತು ಬೆಕ್ಕಿಗೆ ಅರ್ಥವಾಗದು. ಆದರೆ ಒಳಕೋಣೆಯಲ್ಲಿ ಹಾಸಿಗೆ ಹಿಡಿದ ನಿಮ್ಮ ವೃದ್ಧ ತಾಯಿಗೆ ಅದು ಕೇಳಿಸುತ್ತದೆ. ಪಕ್ಕದಲ್ಲಿ ಆಡುತ್ತಿರುವ ಮಕ್ಕಳಿಗೂ ಕೇಳಿಸುತ್ತದೆ. ದುರ್ಬಲರನ್ನು ಅಳೆಯುವ ಮಾನದಂಡವನ್ನು ಅವರು ನಮ್ಮಿಂದಲೇ ಕಲಿಯುತ್ತಾರೆ. ನಾಳೆ ಅದೇ ಮಾನದಂಡದಿಂದ ನಮ್ಮನ್ನೂ ಅಳೆಯುತ್ತಾರೆ.

ಮೂರು ಕಾಲಿನ ಬೆಕ್ಕು ಕೆಲವೇ ವಾರಗಳಲ್ಲಿ ನಡೆಯಲು, ಓಡಲು ಕಲಿಯುತ್ತದೆ. ಅಷ್ಟರಲ್ಲಿ ನಾವು ಏನನ್ನು ಕಲಿತಿರುತ್ತೇವೆ? ಅಲ್ಲಾಹನು ನಮ್ಮ ಹೃದಯಗಳಲ್ಲಿ ಕರುಣೆಯನ್ನೂ ಅದನ್ನು ಕೊನೆಯವರೆಗೆ ನಿಭಾಯಿಸುವ ಸಹನೆಯನ್ನೂ ತುಂಬಲಿ. ಆಮೀನ್.