ಹೆಸರು ಮತ್ತು ಹೊಣೆ

ಎನ್‌ಡಿಎಂ-1 ಎಂಬ ಕಿಣ್ವದ ಪೂರ್ಣ ಹೆಸರು ನ್ಯೂ ಡೆಲ್ಲಿ ಮೆಟಾಲೋ-ಬೀಟಾ-ಲ್ಯಾಕ್ಟಮೇಸ್-1. ನಮ್ಮ ರಾಜಧಾನಿಯ ಹೆಸರು ಹೊತ್ತ ಈ ಕಿಣ್ವವನ್ನು ಇಂದು ಜಗತ್ತಿನ ಅನೇಕ ದೇಶಗಳ ಆಸ್ಪತ್ರೆಗಳು ಬಲ್ಲವು. ಈ ಹೆಸರಿನ ಸುತ್ತ ಎದ್ದ ಜಗಳ ಈಗ ಹಳೆಯದಾಗಿದೆ. ಆದರೆ ಅದು ನನ್ನ ಮುಂದಿಟ್ಟ ಪ್ರಶ್ನೆ ಹಳೆಯದಾಗಿಲ್ಲ: ಅವಮಾನವಾಯಿತೆಂದು ನೊಂದುಕೊಳ್ಳುವುದು ಬೇರೆ, ಹೊಣೆ ಹೊರುವುದು ಬೇರೆ. ಇವೆರಡರ ನಡುವೆ ನಾವು ಎಲ್ಲಿ ನಿಲ್ಲುತ್ತೇವೆ?

ಮೊದಲು ಕಿಣ್ವದ ಕೆಲಸ. ಪೆನಿಸಿಲಿನ್‌ನಿಂದ ಕಾರ್ಬಾಪೆನೆಮ್‌ವರೆಗಿನ ಒಂದು ದೊಡ್ಡ ಔಷಧ ಕುಟುಂಬದ ಶಕ್ತಿಯೆಲ್ಲ ಇರುವುದು ಪುಟ್ಟ ಉಂಗುರವೊಂದರಲ್ಲಿ. ಮೂರು ಇಂಗಾಲ, ಒಂದು ಸಾರಜನಕ, ಒಟ್ಟು ನಾಲ್ಕು ಪರಮಾಣುಗಳ ಉಂಗುರ ಅದು. ಬಗ್ಗಿಸಿ ಕಟ್ಟಿದ ಬಿದಿರಿನ ಸೀಳಿನ ಹಾಗೆ ಬಿಗಿಯಾಗಿರುತ್ತದೆ. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಿಕೊಳ್ಳಲು ಬಳಸುವ ಕಿಣ್ವಕ್ಕೆ ಈ ಉಂಗುರ ಗಟ್ಟಿಯಾಗಿ ಕಚ್ಚಿಕೊಂಡಾಗ ಗೋಡೆಯ ಕೆಲಸ ನಿಲ್ಲುತ್ತದೆ, ಜೀವಾಣು ಒಡೆದು ಸಾಯುತ್ತದೆ. ಎನ್‌ಡಿಎಂ-1 ತನ್ನೊಳಗಿನ ಎರಡು ಸತುವಿನ ಅಯಾನುಗಳ ನೆರವಿನಿಂದ, ಒಂದು ನೀರಿನ ಅಣುವನ್ನು ಬಳಸಿ, ಆ ಉಂಗುರವನ್ನೇ ಬಿಚ್ಚಿಬಿಡುತ್ತದೆ. ಬಿಚ್ಚಿದ ಮೇಲೆ ಔಷಧ ಬರೀ ಕಸ. ಕಿಣ್ವ ಮಾತ್ರ ಹಾಗೇ ಉಳಿದು ಮುಂದಿನ ಅಣುವಿನ ಕಡೆಗೆ ತಿರುಗುತ್ತದೆ. ಬೇರೆ ಔಷಧಗಳು ಸೋತಾಗ ವೈದ್ಯರು ಕೊನೆಗೆ ಕೈಹಾಕುವ ಕಾರ್ಬಾಪೆನೆಮ್‌ಗಳನ್ನೂ ಇದು ಬಿಡುವುದಿಲ್ಲ.

ದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ಭಾರತ ಮೂಲದ ರೋಗಿಯೊಬ್ಬರಲ್ಲಿ 2008ರಲ್ಲಿ ಇದು ಪತ್ತೆಯಾಯಿತು. 2010ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಭಾರತ, ಪಾಕಿಸ್ತಾನ ಮತ್ತು ಬ್ರಿಟನ್‌ನಲ್ಲಿ ಇದರ ಹರಡುವಿಕೆ ಕುರಿತ ಲೇಖನ ಬಂದಾಗ ನಮ್ಮಲ್ಲಿ ಕೋಲಾಹಲವೆದ್ದಿತು. ಸರ್ಕಾರ ಆಕ್ಷೇಪಿಸಿತು. ಕಡಿಮೆ ಖರ್ಚಿನ ಚಿಕಿತ್ಸೆಗಾಗಿ ಇಲ್ಲಿಗೆ ಬರುವ ವಿದೇಶಿಯರನ್ನು ಹೆದರಿಸುವ ಹುನ್ನಾರ ಇದು ಎಂಬ ಮಾತೂ ಬಂತು.

ಆ ಆಕ್ಷೇಪದಲ್ಲಿ ಹುರುಳಿರಲಿಲ್ಲ ಎಂದು ನಾನು ಹೇಳಲಾರೆ. ಊರಿನ ಹೆಸರಿಡುವ ರೂಢಿ ವಿಜ್ಞಾನದಲ್ಲಿ ಹೊಸದಲ್ಲ. ಇಟಲಿಯ ವೆರೋನಾದ ಹೆಸರನ್ನು ಹೊತ್ತ ಇಂಥದೇ ಇನ್ನೊಂದು ಕಿಣ್ವ ಇದೆ. ಆದರೆ ವೆರೋನಾ ಎಂದರೆ ಜನ ಕೊಳಕನ್ನು ನೆನೆಯುವುದಿಲ್ಲ. ಬಡ ದೇಶದ ನಗರದ ಹೆಸರು ಬಂದರೆ ಕೇಳುಗರ ಮನಸ್ಸಿನಲ್ಲಿ ಮೊದಲೇ ಕೂತಿರುವ ಚಿತ್ರವೊಂದು ಎದ್ದು ನಿಲ್ಲುತ್ತದೆ. ಹೊಸ ಕಾಯಿಲೆಗಳಿಗೆ ಸ್ಥಳಗಳ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇಂಥ ಗಾಯಗಳನ್ನು ತಪ್ಪಿಸಲೆಂದೇ. ಕಿಣ್ವ ಕಾಯಿಲೆಯಲ್ಲ, ಆದರೂ ನ್ಯಾಯ ಒಂದೇ.

ಇಷ್ಟು ಒಪ್ಪಿದ ಮೇಲೆಯೂ ಒಂದು ಲೆಕ್ಕ ಉಳಿಯುತ್ತದೆ. 2010ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ದೆಹಲಿಯ ಬೀದಿಗಳಿಂದ ಸಂಗ್ರಹಿಸಿದ ನೀರಿನ ಪರೀಕ್ಷೆಯ ಫಲಿತಾಂಶ ಮರುವರ್ಷ ಪ್ರಕಟವಾಯಿತು. ರಸ್ತೆಬದಿಯಲ್ಲಿ ನಿಂತ, ಜಿನುಗಿದ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳ ಪೈಕಿ 2ರಲ್ಲಿ ಈ ಕಿಣ್ವದ ವಂಶವಾಹಿ ಇತ್ತು. ಅಂದರೆ ಅದು ಆಸ್ಪತ್ರೆಯ ಬಾಗಿಲು ದಾಟಿ ಜನರ ಕೊಡಗಳ ಹತ್ತಿರ ಬಂದಾಗಿತ್ತು.

ಇಲ್ಲಿ ನನ್ನನ್ನು ಕಾಡುವುದು 'ನಾವು' ಎಂಬ ಪದ. 'ನಮಗೆ ಅವಮಾನವಾಯಿತು' ಎಂದ ನಾವು ಯಾರು? ಆ ನೀರು ಕುಡಿದ ನಾವು ಯಾರು? ಮೊದಲನೆಯ ನಾವು ಸಂಸತ್ತಿನಲ್ಲಿ, ದೊಡ್ಡ ಆಸ್ಪತ್ರೆಗಳಲ್ಲಿ, ಪತ್ರಿಕೆಗಳಲ್ಲಿ ಮಾತಾಡಬಲ್ಲವರು. ಎರಡನೆಯ ನಾವು ನಲ್ಲಿಯ ಮುಂದೆ ಸಾಲು ನಿಂತವರು. ದೇಶದ ಮಾನದ ಹೆಸರಿನಲ್ಲಿ ಮೊದಲನೆಯವರು ದನಿ ಎತ್ತಿದಾಗ ಎರಡನೆಯವರ ಸಂಕಟ ಆ ದನಿಯೊಳಗೆ ಸೇರಿತ್ತೇ? ನನಗೆ ಕಾಣುವ ಮಟ್ಟಿಗೆ, ಇಲ್ಲ. ಹೆಸರು ಬದಲಾಗಿದ್ದರೆ ಮೊದಲನೆಯವರ ನೋವು ತೀರುತ್ತಿತ್ತು. ನೀರು ಬದಲಾಗದೆ ಎರಡನೆಯವರದು ತೀರುವಂತಿರಲಿಲ್ಲ.

ಹಾಗಾದರೆ ತಪ್ಪು ಯಾರದು? ಈ ಬಗೆಯ ಕಿಣ್ವಗಳನ್ನು ಯಾರೂ ಕಂಡುಹಿಡಿದು ಬಿಟ್ಟಿದ್ದಲ್ಲ. ಪೆನಿಸಿಲಿನ್ ರೋಗಿಗಳ ಕೈಗೆ ಸಿಗುವ ಮೊದಲೇ, 1940ರಲ್ಲಿ, ಅದನ್ನು ನಾಶಮಾಡುವ ಕಿಣ್ವವೊಂದನ್ನು ಬ್ಯಾಕ್ಟೀರಿಯಾದಲ್ಲಿ ಕಂಡುದಾಗಿ ಆಕ್ಸ್‌ಫರ್ಡಿನ ಅಬ್ರಹಾಂ ಮತ್ತು ಚೈನ್ ವರದಿ ಮಾಡಿದ್ದರು. ಕೆನಡಾದ ಯುಕಾನ್‌ನ 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲೂ ಇಂಥ ಪ್ರತಿರೋಧದ ವಂಶವಾಹಿಗಳು ಸಿಕ್ಕಿವೆ. ಬೂಷ್ಟುಗಳೂ ಮಣ್ಣಿನ ಬ್ಯಾಕ್ಟೀರಿಯಾಗಳೂ ಔಷಧ ತಯಾರಿಸುತ್ತಿದ್ದ ಕಾಲದಿಂದಲೂ ಅದನ್ನು ಮುರಿಯುವವರು ಇದ್ದೇ ಇದ್ದರು. ನಾವು ಮಾಡಿದ್ದು ಅವರಿಗೆ ಬೇಕಾದ ಅನುಕೂಲ ಒದಗಿಸಿದ್ದು. ಬೇಕಿಲ್ಲದ ಕಡೆ ಆ್ಯಂಟಿಬಯೋಟಿಕ್ ಸುರಿದಾಗಲೆಲ್ಲ ದುರ್ಬಲ ಜೀವಾಣುಗಳು ಸತ್ತು, ಕಿಣ್ವ ಇರುವವುಗಳಿಗೆ ಖಾಲಿ ಹೊಲ ಸಿಕ್ಕಿತು. ಅವು ಈ ವಂಶವಾಹಿಯನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ.

ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿ ಒಂದು ಕಲ್ಪಿತ ಕಥೆ ಹೇಳಿದ. ಗಂಟಲು ನೋವಿಗೆ ಒಬ್ಬಾತ ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ತೆಗೆದುಕೊಳ್ಳುತ್ತಾನೆ. ಅವನಲ್ಲಿ ಗಟ್ಟಿಯಾದ ಜೀವಾಣು ಹೆಂಡತಿಗೆ ತಗಲುತ್ತದೆ, ಔಷಧ ಹಿಡಿಯದೆ ಅವಳು ಸಾಯುತ್ತಾಳೆ. ತಪ್ಪು ಒಬ್ಬನದು, ಸಾವು ಇನ್ನೊಬ್ಬಳದು. ಈ ಮಾತು ಇಂದಿಗೂ ನಿಜ. ಆದರೆ ಕಥೆಯಲ್ಲಿ ಗಂಡನೂ ಹೆಂಡತಿಯೂ ಒಂದೇ ಮನೆಯವರು. ನಮ್ಮ ಊರುಗಳಲ್ಲಿ ನುಂಗುವವನಿಗೂ ಸಾಯುವವನಿಗೂ ಪರಿಚಯವೇ ಇರುವುದಿಲ್ಲ. ಜೊತೆಗೆ ಫ್ಲೆಮಿಂಗನ ಕಥೆಯಲ್ಲಿ ಆತ ಏಕೆ ವೈದ್ಯರ ಬಳಿ ಹೋಗಲಿಲ್ಲ ಎಂಬ ಪ್ರಶ್ನೆ ಇಲ್ಲ. ಒಂದು ದಿನದ ಕೂಲಿ ತಪ್ಪಿದರೆ ಒಲೆ ಹಚ್ಚಲಾಗದವನು ಮೆಡಿಕಲ್ ಶಾಪಿನಲ್ಲಿ ಎರಡು ಮಾತ್ರೆ ಕೇಳಿ ಪಡೆದರೆ ಅವನನ್ನು ಬೇಜವಾಬ್ದಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಶುದ್ಧ ನೀರು, ಒಳಚರಂಡಿ, ಹತ್ತಿರದಲ್ಲೊಂದು ಆಸ್ಪತ್ರೆ ಮಾಡಬೇಕಾದ ಕೆಲಸವನ್ನು ಅವನು ಆ ಎರಡು ಮಾತ್ರೆಗಳಿಂದ ಮಾಡಿಸಿಕೊಳ್ಳುತ್ತಿದ್ದಾನೆ.

ಹೊಣೆಯನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ಅದು ಯಾರ ಮೇಲೂ ಬೀಳದ ಹಾಗೆ ಹಂಚಿದಂತೆ. ಬೇರೆ ದಾರಿ ಯಾರಿಗೆ ಎಷ್ಟಿತ್ತೋ ಅವರ ಪಾಲು ಅಷ್ಟು, ಇದು ನನ್ನ ಅಳತೆ. ವೈರಸ್ ಜ್ವರ ಎಂದು ಗೊತ್ತಿದ್ದೂ ಆ್ಯಂಟಿಬಯೋಟಿಕ್ ಬರೆಯುವ ವೈದ್ಯರ ಪಾಲು ಕೂಲಿಯವನಿಗಿಂತ ಹೆಚ್ಚು. ಚೀಟಿಯಿಲ್ಲದೆ ಕೊಡಬಾರದು, ಕೊಟ್ಟದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು ಎಂದು ಕೆಲವು ಪ್ರಬಲ ಔಷಧಗಳಿಗಾಗಿ 2013ರಲ್ಲಿ ಶೆಡ್ಯೂಲ್ ಎಚ್1 ನಿಯಮ ತಂದು, ಪಾಲನೆಯನ್ನು ಸಡಿಲ ಬಿಟ್ಟ ವ್ಯವಸ್ಥೆಯದು ಇನ್ನೂ ಹೆಚ್ಚು. ಓದು ಬಲ್ಲ, ವೈದ್ಯರ ಶುಲ್ಕ ಕಟ್ಟಬಲ್ಲ ನಮ್ಮಂಥವರ ಪಾಲೂ ಸಣ್ಣದಲ್ಲ.

2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಸಾವುಗಳಿಗೆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣ ಎಂದು ಅಂದಾಜಿಸಲಾಗಿದೆ. ಅವರಲ್ಲಿ ಹೆಚ್ಚಿನವರ ಕುಟುಂಬಕ್ಕೆ ಆ ಕಿಣ್ವದ ಹೆಸರೂ ತಿಳಿದಿರಲಾರದು. ಎನ್‌ಡಿಎಂ ಎಂಬಲ್ಲಿ ದೆಹಲಿಯನ್ನು ಅಳಿಸಬೇಕೆಂದು ಯಾರಾದರೂ ಇಂದು ಮತ್ತೆ ಕೇಳಿದರೆ ನಾನು ಬೆಂಬಲಿಸುತ್ತೇನೆ. ಆದರೆ ಅದನ್ನು ಕೇಳುವ ಮೊದಲ ಹಕ್ಕು ಆ ನಲ್ಲಿಯ ಮುಂದೆ ನಿಂತವರದು. ಅವರಿಗೆ ಮಾತಾಡಲು ಸಿಕ್ಕರೆ ಹೆಸರಿನ ಮಾತು ಎಷ್ಟನೆಯದಾಗಿ ಬಂದೀತು ಎಂಬುದನ್ನು ನಾವು ಊಹಿಸಬಹುದು.